ಇನ್ನೂರ ಹನ್ನೆರಡರಲ್ಲಿ ಶುರುವಾಗುವ ಹಾಡು

ಕಳೆದ ತಿಂಗಳು ದುಬೈಯ ನಮ್ಮ ಇಂಟರ್‌ನ್ಯಾಷನಲ್ ಸಿಟಿಯ ಸೂಪರ್‌ಮಾರ್ಕೆಟ್ಟಿನಲ್ಲಿ ನಾನು ಈರುಳ್ಳಿ ಆರಿಸುವುದನ್ನು ಅರ್ಧಕ್ಕೆ ಬಿಟ್ಟು ಹೋಗಿ ಜಗಳ ಮಾಡಿದೆ. ಈರುಳ್ಳಿ ಕೊಳೆತಿತ್ತು ಎಂದಲ್ಲ. ಮೇಲೆ ಸೀಲಿಂಗಿನಲ್ಲಿದ್ದ ಸ್ಪೀಕರಿನಿಂದ ಒಂದು ಹಾಡು ಬರುತ್ತಿತ್ತು, ಹಳೆಯ ಫ್ರೆಂಚ್ ಹಾಡು. ಹಾಡುತ್ತಿದ್ದವಳು ಯಾರೋ ಹೊಸ ಹುಡುಗಿ. ಉಸಿರು ಜಾಸ್ತಿ, ಸ್ವರ ಕಡಿಮೆ. ಈಗಷ್ಟೇ ನಿದ್ದೆಯಿಂದ ಎದ್ದು, ಇನ್ನೂ ಹಲ್ಲುಜ್ಜದೆ, ದಿಂಬಿಗೆ ಒರಗಿಕೊಂಡು ಹಾಡಿದ ಹಾಗಿತ್ತು. ನಾನು ಕೈಯಲ್ಲಿದ್ದ ಈರುಳ್ಳಿಯನ್ನು ರಾಶಿಗೆ ಹಾಕಿ ನೇರ ಕಸ್ಟಮರ್ ಸರ್ವಿಸ್ ಕೌಂಟರಿಗೆ ಹೋದೆ.

ಅಲ್ಲಿದ್ದ ಫಿಲಿಪ್ಪೀನ್ಸ್ ಹುಡುಗಿ ನಗುನಗುತ್ತ, ಏನು ಬದಲಾಯಿಸಬೇಕು ಮೇಡಂ, ಬಿಲ್ ಇದೆಯಾ ಎಂದು ಕೇಳಿದಳು. ಬದಲಾಯಿಸಬೇಕಾದದ್ದು ಹಾಡು ಎಂದೆ. ಅವಳು ತಲೆಯೆತ್ತಿ ಸ್ಪೀಕರ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹಾಡು ಹೆಡ್ ಆಫೀಸಿನಿಂದ ಬರುತ್ತದಂತೆ, ಅಂಗಡಿಯವರ ಕೈಯಲ್ಲಿ ಏನೂ ಇಲ್ಲವಂತೆ. ಆದರೂ ಪಾಪ, ಒಂದು ಫಾರಂ ಕೊಟ್ಟಳು. ದೂರಿನ ವಿವರ ಎಂಬಲ್ಲಿ ನಾನು ಬರೆದೆ: ಈ ಹಾಡಿನಲ್ಲಿ ಒಬ್ಬ ಗಂಡಸು ಚಮಚದಿಂದ ಬಟ್ಟಲಿಗೆ ಬಡಿಯುವ ಸದ್ದು ಇರಬೇಕು, ಅದನ್ನು ತೆಗೆದುಹಾಕಲಾಗಿದೆ. ಕೆಳಗೆ ಸಹಿ ಹಾಕಿ ಮೊಬೈಲ್ ನಂಬರನ್ನೂ ಕೊಟ್ಟೆ. ಮೂರು ದಿನದೊಳಗೆ ಉತ್ತರ ಬರುತ್ತದೆ ಎಂದಳು. ಇವತ್ತಿನವರೆಗೂ ಬಂದಿಲ್ಲ.

ನಗಬೇಡಿ. ನಿಮ್ಮ ಬಾಲ್ಯದ ಒಂದು ವಸ್ತುವನ್ನು ಯಾರೋ ಎತ್ತಿಕೊಂಡು ಹೋಗಿ, ಬಣ್ಣ ಬಳಿದು, ಕಾಲು ಮುರಿದು, ಊರಿನ ಎಲ್ಲ ಅಂಗಡಿಗಳಲ್ಲಿ ಇಟ್ಟರೆ ನಿಮಗೂ ಸಿಟ್ಟು ಬರುತ್ತದೆ. ಈ ಹಾಡು ನನ್ನನ್ನು ಎಲ್ಲಿಯೂ ಬಿಟ್ಟಿಲ್ಲ. ನಾನು ಜೆಬೆಲ್ ಅಲಿಯ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕಾಗದಪತ್ರ ನೋಡುವವಳು. ದಿನಕ್ಕೆ ಮುಕ್ಕಾಲು ಗಂಟೆ ಯಾರಾದರೂ ನನ್ನನ್ನು ಫೋನಿನಲ್ಲಿ ಕಾಯಿಸುತ್ತಾರೆ. ಒಂದು ಟ್ರಾನ್ಸ್‌ಪೋರ್ಟಿನವರ ಫೋನಿನಲ್ಲಿ ಕಾಯುವಾಗ ಇದೇ ಹಾಡು, ಸ್ಯಾಕ್ಸೊಫೋನಿನಲ್ಲಿ. ಹಲ್ಲಿನ ಡಾಕ್ಟರಲ್ಲಿ ಬಾಯಿ ಅಗಲಿಸಿ ಮಲಗಿದರೆ ಇದೇ ಹಾಡು, ಪಿಯಾನೋದಲ್ಲಿ. ಅಲ್ಲಿ ಆಕ್ಷೇಪಿಸಲು ಬಾಯಿಯೂ ಖಾಲಿ ಇರುವುದಿಲ್ಲ. ನಮ್ಮ ಬಿಲ್ಡಿಂಗಿನ ಕೆಳಗಿನ ಜಿಮ್ಮಿನಲ್ಲಿ ಅದಕ್ಕೆ ಡಬಡಬ ಎಂದು ಏನೋ ಸೇರಿಸಿ, ಹಾಡಿನವನು ಅಟ್ಟಿಸಿಕೊಂಡು ಓಡುತ್ತಿರುವ ಹಾಗೆ ಮಾಡಿದ್ದಾರೆ. ಹಿಂದಿಯಲ್ಲಂತೂ ನಮ್ಮ ಕಾಲೇಜಿನ ದಿನಗಳಲ್ಲೇ ಈ ರಾಗವನ್ನು ಒಂದು ಸಿನಿಮಾಕ್ಕೆ ಎತ್ತಿ ಹಾಕಿದ್ದರು. ಹಿಮದಲ್ಲಿ ಇಬ್ಬರು ಉರುಳುವ ಹಾಡು. ಮೊನ್ನೆ ನಮ್ಮ ಕನ್ನಡ ಸಂಘದ ಕರೋಕೆ ಸಂಜೆಯಲ್ಲಿ ಒಬ್ಬರು ಕೋಟು ಹಾಕಿಕೊಂಡು ಅದನ್ನು ಹಾಡಿದರು. ನಿರೂಪಕಿ ಇದು ನಮ್ಮ ದೇಶದ ಅಪ್ಪಟ ಸಂಗೀತ ಎಂದಳು. ನಾನು ಎದ್ದು ಊಟದ ಕ್ಯೂಗೆ ಹೋದೆ.

ಇವೆಲ್ಲವನ್ನೂ ತಡೆದುಕೊಂಡವಳಿಗೆ ಮನೆಯೊಳಗೇ ಏಟು ಬಿತ್ತು. ಮಗಳು ನಿಧಿ ಶಾಲೆಯಲ್ಲಿ ಎರಡನೆಯ ಭಾಷೆ ಫ್ರೆಂಚ್ ತೆಗೆದುಕೊಂಡಿದ್ದಾಳೆ. ಇಲ್ಲಿನ ನಮ್ಮವರ ಮಕ್ಕಳಲ್ಲಿ ಅರ್ಧಕ್ಕರ್ಧ ಫ್ರೆಂಚ್ ಪಂಡಿತರು. ಫ್ರಾನ್ಸಿಗೆ ಹೋಗುವ ಯೋಚನೆ ಒಬ್ಬರಿಗೂ ಇಲ್ಲ, ಅದರಲ್ಲಿ ಅಂಕ ಸಿಗುತ್ತದೆ, ಅಷ್ಟೆ. ಅಜ್ಜನಿಗೆ ಒಂದು ಸಾಲು ಕನ್ನಡ ಬರೆಯಲು ಬಾರದ ಹುಡುಗಿ ಶಾಲೆಯ ಫ್ರೆಂಚ್ ದಿನಾಚರಣೆಯಲ್ಲಿ ಯುಕುಲೆಲೆ ಹಿಡಿದು ಕೂತು ಈ ಹಾಡನ್ನೇ ಹಾಡಿದಳು. ಮೆಲ್ಲಗೆ, ಕಣ್ಣು ಮುಚ್ಚಿ, ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ. ಉಳಿದ ತಾಯಂದಿರು ಕಣ್ಣು ಒರಸಿಕೊಂಡರು. ಕಾರಿನಲ್ಲಿ ನಾನು ಕೇಳಿದೆ, "ಚಮಚ ಎಲ್ಲಿ?"

"ವಾಟ್ ಚಮಚ?"

"ಹಾಡಿನಲ್ಲಿ ಚಮಚದ ಸದ್ದು ಉಂಟು. ಅದಿಲ್ಲದಿದ್ರೆ ಅದು ಆ ಹಾಡೇ ಅಲ್ಲ."

"ಅಮ್ಮ, ಇಟ್ಸ್ ಎ ಕವರ್. ಹಳೇ ಹಾಡನ್ನು ನಮಗೆ ಬೇಕಾದ ಹಾಗೆ ಮಾಡ್ಬಹುದು." ಹೀಗೆ ಹೇಳಿ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಬೇಕಾದ ಹಾಗೆ ಮಾಡಬಹುದು ಎಂಬ ಮಾತು ನನಗೆ ಎರಡು ದಿನ ಚುಚ್ಚಿತು. ಹಾಗಾದರೆ ನನಗೆ ಬೇಕಾದದ್ದು ಯಾವುದು ಎಂದು ನೀವು ಕೇಳಬಹುದು. ಅದಕ್ಕೆ ಕಟಪಾಡಿಯ ಮನೆಗೆ, ನನಗೆ ಒಂಬತ್ತು ವರ್ಷವಾಗಿದ್ದ ದಿನಗಳಿಗೆ ಹೋಗಬೇಕು.

ಅಪ್ಪ ಆಗ ಅಬುಧಾಬಿಯಲ್ಲಿ ಒಂದು ಕಂಪೆನಿಯ ಸ್ಟೋರ್‌ಕೀಪರ್. ಎರಡು ವರ್ಷಕ್ಕೊಮ್ಮೆ ರಜೆ. ಊರಿನ ಮನೆಯಲ್ಲಿ ಅಜ್ಜಿ, ಅಂದರೆ ಅಪ್ಪನ ಅಮ್ಮ, ಚಿಕ್ಕಪ್ಪ, ಅಮ್ಮ ಮತ್ತು ನಾನು. ಅಪ್ಪ ರಜೆಗೆ ಬಂದಾಗ ತಂದಿಟ್ಟು ಹೋದ ಟೇಪ್ ರೆಕಾರ್ಡರ್ ಚಾವಡಿಯ, ಅಂದರೆ ಮನೆಯ ಮುಂದಿನ ಪಡಸಾಲೆಯ, ಮೇಜಿನ ಮೇಲೆ, ಅಮ್ಮ ಹೊಲಿದ ಗವಸಿನೊಳಗೆ ಇರುತ್ತಿತ್ತು. ಆಗ ಗಲ್ಫಿನ ಮನೆಗಳಲ್ಲಿ ಕಾಗದಕ್ಕಿಂತ ಕ್ಯಾಸೆಟ್ಟು ಹೆಚ್ಚು ಓಡಾಡುತ್ತಿತ್ತು. ಅಲ್ಲಿದ್ದವರು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಹೊರಟವರ ಕೈಯಲ್ಲಿ ಕಳಿಸುವುದು, ಮನೆಯವರು ಕೇಳಿ, ಅದೇ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ, ಅದರ ಮೇಲೆಯೇ ತಮ್ಮ ಉತ್ತರ ತುಂಬಿ ಹೋಗುವವರ ಕೈಯಲ್ಲಿ ಕೊಡುವುದು. ಒಂದೇ ಕ್ಯಾಸೆಟ್ಟು ವರ್ಷಗಟ್ಟಲೆ ಸಮುದ್ರ ದಾಟುತ್ತಿತ್ತು.

ಅಪ್ಪ ಹೊಸ ಕ್ಯಾಸೆಟ್ಟು ತರಲಿಲ್ಲ. ಕಂಪೆನಿಯ ಒಬ್ಬ ಫ್ರೆಂಚ್ ಎಂಜಿನಿಯರ್ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದ ಹಾಡಿನ ಕ್ಯಾಸೆಟ್ಟಿನ ಮೇಲೆಯೇ ಮಾತಾಡಿದ್ದರು. ಕ್ಯಾಸೆಟ್ಟಿನ ನೆತ್ತಿಯ ಎರಡು ತೂತುಗಳಿಗೆ ಕಾಗದ ತುರುಕಿದರೆ ಹಾಡಿನ ಕ್ಯಾಸೆಟ್ಟಿನ ಮೇಲೂ ಮಾತು ತುಂಬಬಹುದಿತ್ತು. ಅಪ್ಪನಿಗೆ ಮಾತು ಕಡಿಮೆ. ಕೆಮ್ಮುವುದು, ಗಂಟಲು ಸರಿಮಾಡಿಕೊಳ್ಳುವುದು, ಇಲ್ಲಿ ಸೆಕೆ, ಅಲ್ಲಿ ಹೇಗೆ, ಮೀನು ಸಿಗುತ್ತದೆ, ಆದರೆ ರುಚಿ ಇಲ್ಲ. ಹೀಗೆ ಹತ್ತು ನಿಮಿಷ ಏಗಿ ಕೊನೆಗೆ "ಬೊಕ್ಕ ದಾಲಾ ಇಜ್ಜಿ" ಎನ್ನುತ್ತಿದ್ದರು. ನಮ್ಮ ಮನೆಮಾತು ತುಳು. ಮತ್ತೇನೂ ಇಲ್ಲ ಎಂದು ಅದರ ಅರ್ಥ. ಆಮೇಲೆ ಟಕ್ ಎಂದು ಒಂದು ಸದ್ದು, ಅದರ ಬೆನ್ನಿಗೇ, ಪದವೊಂದರ ನಟ್ಟನಡುವಿನಿಂದ, ಆ ಫ್ರೆಂಚ್ ಮನುಷ್ಯ ಚಮಚ ಬಡಿಯುತ್ತ ಹಾಡುತ್ತಿದ್ದ. ರೆಕಾರ್ಡರಿನ ಮೈಯಲ್ಲಿ ಮೂರು ಅಂಕೆಗಳ ಒಂದು ಪುಟ್ಟ ಮೀಟರ್ ಇತ್ತು. ಸೊನ್ನೆಯಿಂದ ಬಿಟ್ಟರೆ ಹಾಡು ಸರಿಯಾಗಿ ಇನ್ನೂರ ಹನ್ನೆರಡಕ್ಕೆ ಬರುತ್ತಿತ್ತು.

ನನಗೆ ಆ ಹಾಡೆಂದರೆ ಹಾಗೇ. ಅಪ್ಪನ ಮತ್ತೇನೂ ಇಲ್ಲ ಎಂಬಲ್ಲಿಂದ ಅದು ಶುರುವಾಗಬೇಕು. ಈ ದುಬೈಯ ಯಾವ ಸ್ಪೀಕರಿಗೂ ಅದು ಗೊತ್ತಿಲ್ಲ.

ಅಜ್ಜಿ ಮೊದಲ ಸಲ ಅದನ್ನು ಕೇಳಿದಾಗ ಕಾಲು ಮಡಿಸಿ ನೆಟ್ಟಗೆ ಕೂತಳು. ಅರಬ್ಬರ ದೇಶದಿಂದ ಬಂದದ್ದು, ಹಾಗಾಗಿ ಅರಬ್ಬಿ. ಗಂಡಸೊಬ್ಬ ಇಷ್ಟು ಅಂಗಲಾಚಿ ಹಾಡುತ್ತಿದ್ದಾನೆ, ಹಾಗಾಗಿ ದೇವರ ಹಾಡು. ಚಮಚದ ಸದ್ದು ಅವಳಿಗೆ ತಾಳ. ಅವಳ ಲೆಕ್ಕಾಚಾರ ಇನ್ನೂ ಮುಂದೆ ಹೋಗಿತ್ತು. ಆ ದೇಶದಲ್ಲಿ ತನ್ನ ಮಗನನ್ನು ನೋಡಿಕೊಳ್ಳುವುದು ಆ ದೇಶದ ದೇವರೇ ತಾನೆ, ಆ ದೇವರಿಗೂ ಇಲ್ಲಿಂದ ಒಂದು ಕೈ ಮುಗಿದಿರಬೇಡವೇ. ಕ್ಯಾಸೆಟ್ಟು ನಮ್ಮಲ್ಲಿ ಇರುವಷ್ಟು ದಿನ ಸಂಜೆ ದೀಪ ಹಚ್ಚಿದ ಮೇಲೆ ಅದನ್ನು ಹಾಕಲೇಬೇಕು. ನಾನು ಇನ್ನೂರ ಹನ್ನೆರಡಕ್ಕೆ ತಿರುಗಿಸಿ ಕೊಡುತ್ತಿದ್ದೆ. ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದು ನಿಲ್ಲುತ್ತಿದ್ದಳು.

ಅರಬ್ಬಿ ಓದಬಲ್ಲ ನೆರೆಮನೆಯ ಮೊಯ್ದಿನಬ್ಬ ಬ್ಯಾರಿ ಒಮ್ಮೆ ತೆಂಗಿನಕಾಯಿ ವ್ಯಾಪಾರಕ್ಕೆ ಬಂದವರು ಹೊರಗೇ ನಿಂತು ಪೂರ್ತಿ ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದರು, "ಅಕ್ಕ, ಇದು ಅರಬ್ಬಿ ಅಲ್ಲ ಅಂತ ಕಾಣ್ತದೆ."

"ನಿಮ್ಮದು ಓದುವ ಅರಬ್ಬಿ ಬ್ಯಾರಿಗಳೇ," ಅಜ್ಜಿ ಅಷ್ಟೇ ಮರ್ಯಾದೆಯಿಂದ ಹೇಳಿದಳು. "ಇದು ಮಾತಾಡುವ ಅರಬ್ಬಿ."

ಅವರು ತಲೆಯಾಡಿಸಿ ತೆಂಗಿನಕಾಯಿ ಎಣಿಸಲು ಹೋದರು. ಅಪ್ಪ ರಜೆಗೆ ಬಂದಾಗ ಈ ದೀಪ, ಕೈಮುಗಿತ ಎಲ್ಲವನ್ನೂ ನೋಡಿದರಂತೆ. ತಾಯಿ ಕಣ್ಣು ಮುಚ್ಚಿ ನಿಂತಿರುವಾಗ ಇದು ಫ್ರೆಂಚ್ ಎಂದು ಹೇಳುವುದು ಹೇಗೆ ಎಂದು ಸುಮ್ಮನಾದರಂತೆ. ನಮ್ಮ ಮನೆಯ ಗಂಡಸರು ಸುಮ್ಮನಾಗುವುದರಲ್ಲಿ ಬಹಳ ಗಟ್ಟಿಗರು.

ದೇವರ ಹಾಡಾದ ಮೇಲೆ ಅದನ್ನು ಅಳಿಸುವ ಪ್ರಶ್ನೆಯೇ ಇಲ್ಲ. ನಮ್ಮ ಉತ್ತರವೆಲ್ಲ ಅಪ್ಪನ ಹತ್ತು ನಿಮಿಷದ ಜಾಗದೊಳಗೇ ಮುಗಿಯಬೇಕು. ರೆಕಾರ್ಡರಿನ ಗುಂಡಿಗಳ ಯಜಮಾನಿಕೆ ನನ್ನದು, ಯಾಕೆಂದರೆ ದೊಡ್ಡವರು ಅದನ್ನು ಮುಟ್ಟಲು ಹೆದರುತ್ತಿದ್ದರು. ಮೊದಲು ಅಜ್ಜಿ ಮಾತಾಡಬೇಕು. ಹಸು ಕರು ಹಾಕಿದ್ದು, ತೆಂಗಿಗೆ ನುಸಿ ಬಂದದ್ದು, ಯಾರ ಮದುವೆ, ಯಾರ ಬೊಜ್ಜ. ಬೊಜ್ಜ ಎಂದರೆ ಉತ್ತರಕ್ರಿಯೆ. ಅದರ ಊಟದಲ್ಲಿ ಪಾಯಸ ಹೇಗಿತ್ತು ಎಂಬುದೂ ಕ್ಯಾಸೆಟ್ಟಿನಲ್ಲಿ ಅಬುಧಾಬಿಗೆ ಹೋಗುತ್ತಿತ್ತು. ಆಮೇಲೆ ಚಿಕ್ಕಪ್ಪ, ಜಾಗದ ಸರ್ವೆಯ ವಿಷಯ. ಆಮೇಲೆ ನಾನು, ಹದಿಮೂರರ ಮಗ್ಗಿ. ಅಪ್ಪನಿಗೆ ಹದಿಮೂರರ ಮಗ್ಗಿ ಯಾಕೆ ಬೇಕಿತ್ತೋ ನನಗೆ ಇವತ್ತಿಗೂ ತಿಳಿಯದು. ಎಲ್ಲರದ್ದೂ ಮುಗಿದ ಮೇಲೆ ಸೊಸೆಯಾದ ಅಮ್ಮ. ಅಷ್ಟು ಹೊತ್ತಿಗೆ ಮೀಟರ್ ಇನ್ನೂರು ದಾಟಿರುತ್ತಿತ್ತು. ಅಮ್ಮ ಸೆರಗಿನಿಂದ ಕೈ ಒರಸಿಕೊಂಡು ಬಂದು, ಎಲ್ಲರೂ ನೋಡುತ್ತಿರುವಾಗ ನೆಲಕ್ಕೆ ಕೂತು, "ಇಲ್ಲಿ ಎಲ್ಲರೂ ಸೌಖ್ಯ. ನಿಮ್ಮ ಆರೋಗ್ಯ ನೋಡಿಕೊಳ್ಳಿ" ಎನ್ನುವಳು. ಅಜ್ಜಿ ಕಣ್ಣಿನಲ್ಲೇ ಸನ್ನೆ ಮಾಡುವಳು. ನಾನು ಗುಂಡಿ ಒತ್ತುವೆ. ಹಾಡು ಉಳಿಯುತ್ತಿತ್ತು.

ಆ ಕ್ಯಾಸೆಟ್ಟು ಯಾವಾಗ ಹಾಳಾಯಿತೋ ನೆನಪಿಲ್ಲ. ಹಾಡು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಅದರ ಮೊದಲ ಅರ್ಧ ಅವನ ಬಾಯಲ್ಲಿ ಹೇಗಿದೆ ಎಂದು ಐವತ್ತು ದಾಟುವವರೆಗೆ ನನಗೆ ಗೊತ್ತಿರಲಿಲ್ಲ.

ಕೊನೆಗೆ ನಿಧಿಯೇ ಹುಡುಕಿಕೊಟ್ಟಳು. ನನ್ನ ಗೊಣಗಾಟ ತಾಳಲಾರದೆ, ಹೆಸರಿನಿಂದ ಹುಡುಕಿದರೆ ಹೊಸಬರೇ ಸಿಗುತ್ತಾರೆ ಎಂದು, ಒಂದು ದಿನ ಮೊಬೈಲ್ ನನ್ನ ಬಾಯಿಯ ಹತ್ತಿರ ಹಿಡಿದು ಗುನುಗು ಎಂದಳು. ಗುನುಗಿದೆ. ಫೋನು ಸ್ವಲ್ಪ ಯೋಚಿಸಿ ಹತ್ತು ಹೊಸ ಹುಡುಗಿಯರನ್ನು ತೋರಿಸಿ, ಹನ್ನೊಂದನೆಯವನಾಗಿ ನಮ್ಮವನನ್ನು ತಂದು ನಿಲ್ಲಿಸಿತು. ಅದೇ ಸ್ವರ, ಅದೇ ಚಮಚ. ಶುರುವಿಗೆ ಅವನು ಗಂಟಲು ಸರಿಮಾಡಿಕೊಂಡು ಯಾರನ್ನೋ ಕರೆಯುತ್ತಾನೆ. ನಾನು ನಿಧಿಗೆ ಅರ್ಥ ಹೇಳು ಎಂದೆ.

"ಒಬ್ಬ ಮ್ಯಾನ್ ರೆಸ್ಟೋರೆಂಟಲ್ಲಿ ಕೂತು ಕಂಪ್ಲೇಂಟ್ ಮಾಡ್ತಾನೆ. ಸೂಪ್ ಕೋಲ್ಡ್ ಆಗಿದೆ ಅಂತ."

"ಮತ್ತೆ?"

"ವೇಟ್ರೆಸ್ ಬಿಸಿ ಮಾಡಿ ತರ್ತಾಳೆ. ಅವನು ಪುನಃ ಕೋಲ್ಡ್ ಅಂತಾನೆ. ಅವಳು ಟೇಬಲ್ ಹತ್ರ ಬರ್ಲಿ ಅಂತ. ಹೀ ಲೈಕ್ಸ್ ಹರ್. ಅಷ್ಟೇ."

ನಮ್ಮ ಅಜ್ಜಿ ದೀಪ ಹಚ್ಚಿ ಕೈ ಮುಗಿದದ್ದು ತಣ್ಣಗಿನ ಸೂಪಿಗೆ. ನಾನು ನಕ್ಕು ನಕ್ಕು ಸೋಫಾದಿಂದ ಜಾರಿದೆ. ನಗು ನಿಂತ ಮೇಲೆ ಈ ಹೊಸ ಹಾಡುಗಾರರ ಮೇಲೆ ಸಿಟ್ಟು ಇಮ್ಮಡಿಯಾಯಿತು. ಸೂಪು ತಣ್ಣಗಿದೆ ಎಂಬುದಕ್ಕೆ ಯಾರಾದರೂ ಅಳುತ್ತಾರೆಯೇ. ತಂಟೆ ಮಾಡುತ್ತ ಹಾಡಬೇಕಾದ ಹಾಡು ಅದು. ಚಮಚ ಬಡಿಯದೆ ಹೋಟೆಲಿನಲ್ಲಿ ಯಾರನ್ನು ಕರೆಯಲು ಸಾಧ್ಯ, ನೀವೇ ಹೇಳಿ.

ಅಪ್ಪ, ಅಮ್ಮ ವಿಸಿಟ್ ವೀಸಾದಲ್ಲಿ ಎರಡು ತಿಂಗಳಿಗೆ ಇಲ್ಲಿಗೆ ಬಂದಿದ್ದರು. ಶುಕ್ರವಾರ ಸಂಜೆ ಚಹಾ ಆದ ಮೇಲೆ, ಅವರಿಗೊಂದು ಹಬ್ಬ ಮಾಡಿಸುವ ಉತ್ಸಾಹದಲ್ಲಿ ನಾನು ಇಬ್ಬರನ್ನೂ ಸೋಫಾದಲ್ಲಿ ಕೂರಿಸಿದೆ. ಕಣ್ಣೀರು ಒರಸಲು ಟಿಶ್ಯೂ ಪೆಟ್ಟಿಗೆಯನ್ನೂ ಹತ್ತಿರ ಸರಿಸಿದ್ದೆ, ನನ್ನ ಸಿದ್ಧತೆ ಅಷ್ಟು ಪಕ್ಕಾ. "ಯಾವುದು ಹೇಳಿ ನೋಡುವ" ಎಂದು ಹಾಡು ಹಾಕಿದೆ. ಚಮಚದ ಸದ್ದು ಎರಡು ಸಲ ಕೇಳಿಸಿರಬೇಕು, ಅಷ್ಟೇ. ಅಮ್ಮ ಚಹಾದ ಲೋಟವನ್ನು ಕೆಳಗಿಟ್ಟಳು.

"ಬಂದ್ ಮಾಡು ಅದನ್ನು."

"ಅಮ್ಮ, ಇದು ನಮ್ಮ ಕ್ಯಾಸೆಟ್ಟಿನ..."

"ಗೊತ್ತುಂಟು ಯಾವುದು ಅಂತ. ಬಂದ್ ಮಾಡು."

"ಎಷ್ಟು ಚಂದ ಉಂಟು, ಇರ್ಲಿ ಬಿಡು," ಅಪ್ಪ ಎಂದರು. ಅವರಿಗೆ ಎಂಬತ್ತು ತುಂಬಿದೆ. ಕಾಲ ಬೆರಳಿನಲ್ಲಿ ತಾಳ ಹಾಕುತ್ತಿದ್ದರು.

"ನಿಮಗೆ ಚಂದವೇ ಇರ್ಬೇಕು. ನನಗೆ ಅವನ ಸ್ವರ ಕೇಳಿದ್ರೆ ಮೈ ಉರೀತದೆ." ಅಮ್ಮ ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಬಾಣಲೆಯನ್ನು ಮತ್ತೆ ತೊಳೆಯತೊಡಗಿದಳು. ನಮ್ಮ ಫ್ಲಾಟಿನಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆ ಇಲ್ಲ. ಅಲ್ಲಿಂದಲೇ, ನೀರು ಬಿಟ್ಟುಕೊಂಡು, ಬೆನ್ನು ಹಾಕಿ ಕೇಳಿದಳು, "ನೀವೊಂದು ಸಲ ಕ್ಯಾಸೆಟಿನಲ್ಲಿ ಕೇಳಿದ್ದಿರಿ. ಕಂಪೆನಿಯವರು ಫ್ಯಾಮಿಲಿ ವೀಸಾ ಕೊಡ್ತಾರೆ, ಬರ್ತೀಯಾ, ನಿನ್ನ ಮನಸ್ಸು ಎಂತ ಹೇಳು ಅಂತ. ನೆನಪುಂಟಾ?"

ಅಪ್ಪನ ಬೆರಳು ನಿಂತಿತು. "ಉಂಟು. ನೀನು ಬರೂದಿಲ್ಲ ಅಂದಿ."

"ನಾನು ಯಾವಾಗ ಅಂದೆ?"

"ಅನ್ಲಿಲ್ಲ. ಅದೇ. ಅಮ್ಮ ಮಾತಾಡಿದ್ರು, ತಮ್ಮ ಮಾತಾಡಿದ, ಮಗು ಮಗ್ಗಿ ಹೇಳಿತು. ಮತ್ತೆ ನಿನ್ನ ಸ್ವರ. 'ಯಾನ್' ಅಂತ ಒಂದೇ ಶಬ್ದ. ಕೂಡ್ಲೆ ಹಾಡು. ಎಂಟು ಸಲ ತಿರುಗಿಸಿ ಕೇಳಿದೆ ನಾನು. ಮನಸ್ಸಿಲ್ಲ, ಬಾಯಿ ಬಿಟ್ಟು ಹೇಳ್ಲಿಕ್ಕೆ ಸಂಕೋಚ ಅಂತ ತಿಳ್ಕೊಂಡೆ."

ಅಮ್ಮ ನಲ್ಲಿ ನಿಲ್ಲಿಸಿದಳು. "'ಯಾನ್ ಬರ್ಪೆ' ಅಂತ ಹೇಳಿದ್ದೆ ನಾನು. ನಾನು ಬರ್ತೇನೆ ಅಂತ. ಪೂರ್ತಿ ಹೇಳಿದ್ದೆ. ಮೆಶಿನ್ ಅಷ್ಟರಲ್ಲಿ ನಿಂತಿತ್ತು."

ನಾನು ಯಾವಾಗಲೋ ಹಾಡು ನಿಲ್ಲಿಸಿದ್ದೆ.

"ಒಂದು ಕಾಗದ ಬರಿಯಬಹುದಿತ್ತಲ್ಲ," ಅಪ್ಪ ಮೆಲ್ಲಗೆ ಕೇಳಿದರು.

"ಕಾಗದ ಬರಿಯೂದು ನಿಮ್ಮ ತಮ್ಮ. ಬರ್ದದ್ದನ್ನು ಓದಿಸಿ ಕೇಳೂದು ನಿಮ್ಮ ಅಮ್ಮ. ಅದರಲ್ಲಿ ನಾನೆಂತ ಹೇಳ್ಲಿ? ನೀವು ಇನ್ನೊಂದು ಸಲ ಕೇಳ್ಬಹುದಿತ್ತು. ಮುಂದಿನ ಕ್ಯಾಸೆಟಿನಲ್ಲಿ ಆ ಮಾತೇ ಇಲ್ಲ. ಸೆಕೆ ಉಂಟು, ಮೀನು ಉಂಟು. ಸುಮ್ಮನೆ ಬಾಯಿ ಉಪಚಾರಕ್ಕೆ ಕೇಳಿದ್ದು ಅಂತ ನಾನು ತಿಳ್ಕೊಂಡೆ."

"ಬಾಯಿ ಉಪಚಾರಕ್ಕೆ ರೂಮ್ ಹಿಡೀತಾರಾ?"

"ಯಾವ ರೂಮ್?"

"ಹಮ್ದಾನ್ ಸ್ಟ್ರೀಟಿನಲ್ಲಿ. ಮೂರನೇ ಮಾಳಿಗೆ. ಬೀಗದ ಕೈ ಸಹ ತಕೊಂಡಿದ್ದೆ. ಒಂದು ಸ್ಟವ್ ತಂದಿಟ್ಟಿದ್ದೆ, ಒಂದು ಕನ್ನಡಿ. ಮತ್ತೆ ನಿನ್ನ ಕ್ಯಾಸೆಟ್ ಬಂತು. ತಿಂಗಳು ಮುಗಿಯುವ ಮೊದಲು ಬಿಟ್ಟುಕೊಟ್ಟೆ."

"ಕನ್ನಡಿ ಯಾಕೆ?"

"ನಿನಗೆ."

ಅದಾದ ಮೇಲೆ ಅಪ್ಪ ಹನ್ನೊಂದು ವರ್ಷ ಅಲ್ಲಿ ಒಬ್ಬರೇ ಇದ್ದರು. ಹನ್ನೊಂದು ವರ್ಷದಲ್ಲಿ ಐದು ರಜೆ. ಇಬ್ಬರೂ ಆ ಮಾತು ಎತ್ತಲಿಲ್ಲ, ಯಾಕೆಂದರೆ ಬೇಡ ಎಂದದ್ದು ಇನ್ನೊಬ್ಬರು ಎಂದು ಇಬ್ಬರಿಗೂ ಖಾತ್ರಿ ಇತ್ತು. ಕೆಲಸ ಬಿಟ್ಟು ಊರಿಗೆ ಬಂದ ಅಪ್ಪನೊಡನೆ ಅಮ್ಮ ಇಷ್ಟು ವರ್ಷ ಸಂಸಾರ ಮಾಡಿದಳು, ಗೊಣಗಿದಳು, ಮದ್ದು ಕೊಟ್ಟಳು, ಆ ಒಂದು ಸಂಗತಿಯನ್ನು ಮಾತ್ರ ಕೇಳಲಿಲ್ಲ.

ಆ ಸಂಜೆ ನನಗೆ ಬಂದ ಸಿಟ್ಟಿಗೆ ಸೂಪರ್‌ಮಾರ್ಕೆಟ್ಟಿನ ಸಿಟ್ಟು ಏನೇನೂ ಅಲ್ಲ. ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು, ಆದರೂ ಅವಳನ್ನು ಹಾಲಿನ ನಡುವೆ ನಿಲ್ಲಿಸಿ ಬೈದೆ. ಸೊಸೆ ಹೊರಟುಹೋಗುತ್ತಾಳೆ ಎಂದು ಗೊತ್ತಾಗಿಯೇ ಅವತ್ತು ಅಷ್ಟುದ್ದ ಮಾತಾಡಿರಬೇಕು ಎಂದೆ. ದೇವರ ಹಾಡು ಬರೀ ನೆಪ ಎಂದೆ. ಅರ್ಧ ನಿಮಿಷ, ಬರೀ ಅರ್ಧ ನಿಮಿಷ ಹೆಚ್ಚು ಬಿಟ್ಟಿದ್ದರೆ, ಒಬ್ಬ ತಿಂಡಿಪೋತನ ಸೂಪಿನ ನಾಲ್ಕು ಸಾಲು ಅಳಿಸಿದ್ದರೆ, ನಮ್ಮ ಮನೆಯ ಹನ್ನೊಂದು ವರ್ಷ ಬೇರೆಯೇ ಆಗುತ್ತಿತ್ತು. ನಾನು ಅಪ್ಪನ ಕೈ ಹಿಡಿದು ಶಾಲೆಗೆ ಹೋಗುತ್ತಿದ್ದೆ. ಆ ಸನ್ನೆ ಮಾಡುವ ಕಣ್ಣು ಈಗಲೂ ನನ್ನೆದುರಿಗಿದೆ, ಆ ಕಣ್ಣನ್ನು ನಾನು ಕ್ಷಮಿಸುವುದಿಲ್ಲ ಎಂದೆ. ಕೂಗಾಡುವಾಗ ನನಗೆ ಭಾಷೆ ಒಳ್ಳೆಯದು ಬರುತ್ತದೆ. ನಿಧಿ ಮೊದಲ ಬಾರಿಗೆ ಇಯರ್‌ಫೋನ್ ತೆಗೆದು ಕೂತು ಕೇಳಿದಳು. ಅಮ್ಮ ಬಾಣಲೆ ಒರಸುತ್ತಲೇ ಇದ್ದಳು.

ಎರಡು ದಿನ ಅಪ್ಪ, ಅಮ್ಮ ಇಬ್ಬರೂ ಮಾತು ಬಿಟ್ಟರು. ಬಿಟ್ಟರು ಎಂದರೆ ನಿಧಿಯ ಮೂಲಕ ಆಡಿದರು. ಅಜ್ಜನಿಗೆ ಬಿ.ಪಿ. ಮಾತ್ರೆ ತಕೊಳ್ಳಲು ಹೇಳು, ಅಜ್ಜಿಗೆ ಆಯ್ತು ಅಂತ ಹೇಳು. ಅವಳು ಅದನ್ನು ಇಂಗ್ಲಿಷಿನಲ್ಲಿ ಸಾಗಿಸುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಅಮ್ಮ ದೋಸೆ ಹಾಕುತ್ತ ಯಾರನ್ನೂ ನೋಡದೆ ಹೇಳಿದಳು, "ಆ ರೂಮ್ ಎಲ್ಲಿ ಅಂತ ನನಗೆ ನೋಡ್ಬೇಕು."

ಮುಂದಿನ ಭಾನುವಾರ ನಾನು ಇಬ್ಬರನ್ನೂ ಕಾರಿನಲ್ಲಿ ಅಬುಧಾಬಿಗೆ ಕರೆದುಕೊಂಡು ಹೋದೆ. ಅಪ್ಪ ದಾರಿಯುದ್ದಕ್ಕೂ ಆ ಕಟ್ಟಡ ಈಗ ಇರಲಿಕ್ಕಿಲ್ಲ, ಕೆಡವಿರುತ್ತಾರೆ, ಇಲ್ಲಿ ಯಾವುದನ್ನೂ ಉಳಿಸುವುದಿಲ್ಲ ಎಂದು ಹೇಳುತ್ತಲೇ ಇದ್ದರು. ಇರಬಾರದು ಎಂಬ ಆಸೆ ಅವರ ದನಿಯಲ್ಲಿತ್ತು. ಹಮ್ದಾನ್ ಸ್ಟ್ರೀಟಿನಲ್ಲಿ ಪಾರ್ಕಿಂಗಿಗೆ ಸುತ್ತಿ ಸುತ್ತಿ ನನ್ನ ತಲೆ ಕೆಟ್ಟ ಮೇಲೆ, ಮೂವರೂ ಇಳಿದು ನಡೆದೆವು. ಎತ್ತರದ ಎರಡು ಗಾಜಿನ ಕಟ್ಟಡಗಳ ನಡುವೆ ಅದು ಇತ್ತು. ಕೆಳಗೆ ಮೊಬೈಲ್ ಅಂಗಡಿ, ಜ್ಯೂಸ್ ಅಂಗಡಿ. ಮೇಲೆ ಕಿಟಕಿಗೊಂದು ಎ.ಸಿ. ಡಬ್ಬ, ಅದರಡಿ ನೀರಿಳಿದ ಕಲೆ. ಅಪ್ಪ ರಸ್ತೆಯ ಈಚೆ ಬದಿಯಲ್ಲಿ ನಿಂತು ಬೆರಳಿನಿಂದ ಎಣಿಸಿದರು.

"ಮೂರನೇ ಮಾಳಿಗೆ. ಎಡದಿಂದ ಎರಡನೇದು."

ಅಲ್ಲಿ ಯಾರೋ ಒಂದು ಹೂವಿನ ಚಿತ್ತಾರದ ಕಂಬಳಿ ಒಣಗಲು ಹಾಕಿದ್ದರು. ಪಕ್ಕದಲ್ಲಿ ಮಗುವಿನ ಮೂರು ಚಕ್ರದ ಸೈಕಲ್ಲು. ಅಮ್ಮ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. ಒಂದು ಬಾಯಿ ನೀರು ಕುಡಿದು ಮತ್ತೆ ನೋಡಿದಳು. ಅಪ್ಪ ಅವಳ ಮುಖ ನೋಡಲಾರದೆ ಜ್ಯೂಸ್ ಅಂಗಡಿಯ ಬೋರ್ಡು ಓದುತ್ತ ಹತ್ತು ಹೆಜ್ಜೆ ಮುಂದೆ ಹೋಗಿ ನಿಂತರು.

ನಾನು ಮತ್ತೆ ಶುರುಮಾಡಿದೆ. "ಇಷ್ಟಕ್ಕೆ, ಅಮ್ಮ. ಇಷ್ಟಕ್ಕೆ ಆ ಮುದುಕಿ..."

"ಅತ್ತೆಯನ್ನು ಬೈಬೇಡ," ಅಮ್ಮ ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದಳು. "ಅವರು ಅವತ್ತು ಅಲ್ಲಿ ಇರ್ಲೇ ಇಲ್ಲ."

"ಎಲ್ಲಿ ಇರ್ಲಿಲ್ಲ?"

"ಚಾವಡಿಯಲ್ಲಿ. ಕ್ಯಾಸೆಟ್ ಕೊಂಡುಹೋಗುವ ಜನ ಗೇಟಿನಲ್ಲಿ ಬಂದು ನಿಂತಿದ್ರು, ನಿನ್ನ ಚಿಕ್ಕಪ್ಪ ಅವರ ಹತ್ರ ಹೋದ್ರು. ಅತ್ತೆ ದೀಪಕ್ಕೆ ಎಣ್ಣೆ ತರ್ಲಿಕ್ಕೆ ಒಳಗೆ ಹೋದ್ರು. ಇದ್ದದ್ದು ನಾನು, ನೀನು ಇಬ್ಬರೇ. ಅದಕ್ಕೇ ನನಗೆ ಹೇಳ್ಲಿಕ್ಕೆ ಧೈರ್ಯ ಬಂದದ್ದು."

ಸನ್ನೆ ಮಾಡಿದ ಆ ಕಣ್ಣನ್ನು ನಾನು ಎಷ್ಟು ಸ್ಪಷ್ಟವಾಗಿ ನೋಡಿದ್ದೆ. ಈಗ ಎಷ್ಟು ಹುಡುಕಿದರೂ ಅದು ಆ ಸಂಜೆಯೊಳಗೆ ಸಿಗಲಿಲ್ಲ. ಸಿಕ್ಕಿದ್ದು ಮೀಟರ್ ಮಾತ್ರ. ಇನ್ನೂರ ಹತ್ತು, ಇನ್ನೂರ ಹನ್ನೊಂದು, ಮತ್ತೆ ಗುಂಡಿಯ ಮೇಲೆ ನನ್ನ ಹೆಬ್ಬೆರಳು. ನನಗೆ ಯಾರೂ ಹೇಳಿರಲಿಲ್ಲ. ಹಾಡು ನನಗೆ ಬೇಕಿತ್ತು. ಇಷ್ಟು ವರ್ಷ ಊರೆಲ್ಲ ತಿರುಗಿ ಬೈದವಳಿಗೆ ಬೈಯಲು ಇನ್ನು ಯಾರೂ ಉಳಿಯಲಿಲ್ಲ. ನಾನು ಅಮ್ಮನ ಕಡೆ ತಿರುಗಿದೆ.

"ನಿನಗೆ ಗೊತ್ತಿತ್ತು. ಅವತ್ತೇ ಯಾಕೆ ನನಗೆ ಎರಡು ಬಿಗೀಲಿಲ್ಲ?"

"ಎಂತಕ್ಕೆ ಬಿಗೀಲಿ? ಹಾಡು ಒಂದು ಚೂರೂ ಅಳಿಸ್ಲಿಲ್ಲ ಅಂತ ನೀನು ಚಾವಡಿಯಿಡೀ ಕುಣಿದಿ, ಮಾರಾಯ್ತಿ. ಒಂಬತ್ತು ವರ್ಷದ ಹುಡುಗಿ." ಅಮ್ಮ ನೀರಿನ ಬಾಟ್ಲಿಯನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಸೆರಗು ಸರಿಮಾಡಿಕೊಂಡು ಅಪ್ಪನ ಹತ್ತಿರ ಹೋಗಿ, ಅವರ ತೋಳು ಹಿಡಿದು ಈಚೆ ತಿರುಗಿಸಿ, ಅಡುಗೆಮನೆಯ ಕಿಟಕಿ ಯಾವುದು ಎಂದು ಕೇಳಿದಳು.